ತಿಕ್ಕಿದ ಜಾಗ

ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಬೆರೆಸಿ, ಹಳೆಯ ಲುಂಗಿಯ ಚೂರೊಂದನ್ನು ಅದರಲ್ಲಿ ಅದ್ದಿ, ಶಾಜಿಯಾ ಇಂಜಿನ್ನಿನ ಹಿತ್ತಾಳೆ ಫಲಕವನ್ನು ತಿಕ್ಕುತ್ತಿದ್ದಳು. ನೂಲು ತೆಗೆಯುವ ಹೆಂಗಸರು ಇನ್ನೂ ಬಂದಿರಲಿಲ್ಲ. ಶೆಡ್ಡಿನಲ್ಲಿ ನಿನ್ನೆ ಬೇಯಿಸಿದ ರೇಷ್ಮೆಗೂಡಿನ ವಾಸನೆ, ಸತ್ತ ಹುಳದ ವಾಸನೆ, ತಣ್ಣಗಾಗಿ ಗೋಡೆಗೆ ಅಂಟಿಕೊಂಡಿತ್ತು. ಹೊರಗೆ ಕೋನಪ್ಪ ಒಲೆಗೆ ಸೌದೆ ಎಳೆದುಕೊಳ್ಳುತ್ತಿದ್ದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಫಲಕದ ಮೇಲೆ ಉಬ್ಬಿಕೊಂಡಿದ್ದ ಇಂಗ್ಲಿಷ್ ಅಕ್ಷರಗಳ ಸಂದಿಯಲ್ಲಿ ಬಟ್ಟೆಯ ತುದಿ ತೂರಿಸಿ ಅವಳು ಒಂದೊಂದನ್ನೇ ಬೆಳಗಿದಳು. ಥಾರ್ನ್‌ಬಿ ಅಂಡ್ ಪೈಕ್. ಅದರ ಕೆಳಗೆ, ಚಿಕ್ಕದಾಗಿ, ಅವಳಿಗೆ ಓದಲು ಬಾರದ ಒಂದು ಊರಿನ ಹೆಸರು. ಅದರ ಕೆಳಗೆ ಗೆರೆ ಎಳೆದ ಒಂದು ಚೌಕ. ಅಲ್ಲಿಗೆ ಬಂದಾಗ ಅವಳ ಕೈ ಹಗುರಾಯಿತು. ಬಟ್ಟೆಯನ್ನು ಬಿಟ್ಟು ಬರಿ ಬೆರಳಿಂದ ಚೌಕವನ್ನು ಸವರಿದಳು. ನುಣುಪು. ಕನ್ನಡಿಯಷ್ಟು ನುಣುಪು. ಅಲ್ಲಿ ಇಂಜಿನ್ನಿನ ನಂಬರು ಇತ್ತು. ಈಗಿಲ್ಲ. ವಾರವಾರವೂ ಹೀಗೆಯೇ ಕೂತು ಅದನ್ನು ಅಳಿಸಿದ್ದು ಇದೇ ಬೆರಳು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಏಳೆಂಟು ವರ್ಷದ ಹಿಂದೆ, ಒಂಬತ್ತನೇ ತರಗತಿಗೆ ಶಾಲೆ ಬಿಡಿಸಿ ಅವಳನ್ನು ಶಿಡ್ಲಘಟ್ಟದ ಈ ಸೋದರಮಾವನ ಮನೆಗೆ ಕಳಿಸಿದಾಗ ಫಲಕ ಕರಿ ಹಸಿರು ಬಣ್ಣಕ್ಕೆ ತಿರುಗಿ ಇಂಜಿನ್ನಿನ ಮೈಯದೇ ಒಂದು ಹುಣ್ಣಿನಂತೆ ಕಾಣುತ್ತಿತ್ತು. ಯಾರೂ ಹೇಳಿರಲಿಲ್ಲ. ಪಾತ್ರೆ ತಿಕ್ಕಿ ಉಳಿದಿದ್ದ ಹುಣಸೆಹಣ್ಣಿತ್ತು, ಕೈ ಸುಮ್ಮನಿರಲಿಲ್ಲ, ತಿಕ್ಕಿದಳು. ಅಕ್ಷರಗಳು ಒಂದೊಂದಾಗಿ ಎದ್ದು ಬಂದವು, ಕತ್ತಲ ಕೋಣೆಯಲ್ಲಿ ಯಾರೋ ದೀಪ ಹಿಡಿದು ನಡೆದುಬಂದ ಹಾಗೆ. ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಮಾಮು, ಬಷೀರ್ ಅಹಮದ್. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ತಮ್ಮ ತಂದೆಯನ್ನೇ ನೋಡುವ ಹಾಗೆ ಆ ಹೆಸರನ್ನು ನೋಡುತ್ತಿದ್ದರು. 'ಮಾಷಾ ಅಲ್ಲಾ' ಎಂದರು. ಅಷ್ಟೇ. ಈ ಮನೆಯಲ್ಲಿ ಅವಳಿಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಅವಳ ಲೆಕ್ಕದಲ್ಲಿ ಅದೇ ಕೊನೆಯದೂ ಹೌದು. ಅಂದಿನಿಂದ ಪ್ರತಿ ಶುಕ್ರವಾರ, ಮಾಮು ನಮಾಜಿಗೆ ಹೊರಡುವ ಮುಂಚೆ, ಅವಳು ಫಲಕದ ಮುಂದೆ ಕೂರುತ್ತಿದ್ದಳು. ಹೆಸರು ಎರಕದಲ್ಲಿ ಉಬ್ಬಿದ್ದು, ಗಟ್ಟಿ. ನಂಬರು ಹಾಗಲ್ಲ, ಉಳಿಯಿಂದ ಮೆಲ್ಲಗೆ ಗುದ್ದಿದ್ದು. ಇರುವಾಗ ಅವಳು ಅದನ್ನು ಓದಿಟ್ಟುಕೊಳ್ಳಲಿಲ್ಲ. ಎಲ್ಲಿ ಹೋಗುತ್ತದೆ? ಹಿತ್ತಾಳೆಯ ಮೇಲೆ ಕೂತದ್ದು. ಹೋದ ರಂಜಾನಿನ ಹೊತ್ತಿಗೆ ಒಂದು ದಿನ ಬೆರಳಿಗೆ ಏನೂ ಸಿಗಲಿಲ್ಲ. ಕೊನೆಯ ಅಂಕಿಯಲ್ಲಿ ಕೊಕ್ಕೆಯಂಥದೊಂದು ಇತ್ತು, ಅಷ್ಟು ಮಾತ್ರ ಬೆರಳಿಗೆ ನೆನಪು.

'ಶಾಜಿಯಾ, ಮುಖ ಕಾಣ್ಬೇಕು ಅದರಲ್ಲಿ' ಎಂದು ಬಾಗಿಲಲ್ಲಿ ನಿಂತು ಮುಮಾನಿ ರಹಮತುನ್ನೀಸಾ ಮನೆಯ ಉರ್ದುವಿನಲ್ಲಿ ಕೂಗಿದರು. 'ಕಂಪನಿಯೋರು ಹೊರಟಾಯ್ತಂತೆ. ನಿಮ್ಮ ಮಾಮು ಬೆಳಗಿಂದ ಮೂರು ಷರ್ಟು ಬದಲಾಯಿಸಿದ್ರು. ನಮ್ಮ ನಿಕಾಹಿಗೂ ಇಷ್ಟು ಯೋಚನೆ ಮಾಡಿರ್ಲಿಲ್ಲ.' ಶಾಜಿಯಾ ತಲೆಯಾಡಿಸಿದಳು. ಎದೆಯ ಆಪರೇಷನ್ ಆದಮೇಲೆ ಮಾಮುಗೆ ಇದೊಂದೇ ಆಸೆ. ಇಂಜಿನ್ ಮಾಡಿದ ಆ ಇಂಗ್ಲಿಷ್ ಕಂಪನಿಗೆ ನೂರೈವತ್ತು ವರ್ಷ ತುಂಬುತ್ತದೆಯಂತೆ. ಒಂದು ದೊಡ್ಡ ಪುಸ್ತಕ ತರುತ್ತಾರಂತೆ. ಜಗತ್ತಿನಲ್ಲಿ ಇನ್ನೂ ಓಡುತ್ತಿರುವ ಹಳೆಯ ಇಂಜಿನ್ನುಗಳೆಲ್ಲ ಅದರಲ್ಲಿ ಇರುತ್ತವೆ: ಫೋಟೋ, ನಂಬರು, ಇಟ್ಟುಕೊಂಡವರ ಹೆಸರು. ಆಗಿನ ಸಣ್ಣ ರೈಲಿನಲ್ಲಿ ಬಂದಿಳಿದ ಇಂಜಿನ್ನನ್ನು ಸ್ಟೇಷನ್ನಿಂದ ಎತ್ತಿನ ಗಾಡಿಯಲ್ಲಿ ತಂದವರು ಮಾಮುವಿನ ತಂದೆ. ಅವರ ಹೆಸರು ಆ ಪುಸ್ತಕದಲ್ಲಿ ಅಚ್ಚಾಗಬೇಕು. ಅದನ್ನು ಕಣ್ಣಿಂದ ನೋಡಿ ಆಮೇಲೆ ಏನಾದರೂ ಆಗಲಿ ಎನ್ನುತ್ತಿದ್ದರು ಮಾಮು. ನಂಬರಿಲ್ಲದ ಇಂಜಿನ್ನು ಪುಸ್ತಕಕ್ಕೆ ಸೇರುವುದಿಲ್ಲ ಎಂದು ಫೋನಿನಲ್ಲಿ ಮೊದಲೇ ಹೇಳಿದ್ದರು. 'ನಂಬರ್‌ಗೇನು, ಥಳಥಳ ಅಂತಿದೆ' ಎಂದು ಮಾಮು ನಕ್ಕಿದ್ದರು. ಕನ್ನಡಕ ಹಾಕಿಕೊಂಡು ಅವರು ಫಲಕವನ್ನು ನೋಡಿ ಎಷ್ಟೋ ಕಾಲವಾಗಿತ್ತು. ಥಳಥಳ ಅನ್ನುವುದೇ ಅವರಿಗೆ ಸಾಕಾಗಿತ್ತು. ಈ ವಾರವೆಲ್ಲ ಶಾಜಿಯಾ ಊಟದ ತಟ್ಟೆ ಇಡುವಾಗ, ನೀರು ಕೊಡುವಾಗ, ಈಗ ಹೇಳುತ್ತೇನೆ ಎಂದುಕೊಂಡು ಬಾಗಿ, ತಟ್ಟೆ ಇಟ್ಟು, ಹಾಗೆಯೇ ಹಿಂದೆ ಸರಿದಿದ್ದಳು.

ಮಾತು ಅವಳಿಗೆ ಯಾವಾಗಲೂ ಹೀಗೆಯೇ. ಶಾಲೆಗೆ ಒಮ್ಮೆ ಇನ್ಸ್‌ಪೆಕ್ಟರು ಬಂದು ನಿನ್ನ ಹೆಸರೇನಮ್ಮ ಎಂದು ಕೇಳಿದಾಗ ಅವಳು ನಿಂತೇ ಇದ್ದಳು. ಮತ್ತೆ ಕೇಳಿದರು. ಮೇಷ್ಟ್ರು ಮುಜುಗರದಿಂದ 'ಇವಳಿಗೆ ಸ್ವಲ್ಪ ಕಿವಿ ಕೇಳ್ಸಲ್ಲ ಸಾರ್' ಎಂದುಬಿಟ್ಟರು. ಇಲ್ಲ, ಕೇಳಿಸುತ್ತದೆ ಎನ್ನುವುದಕ್ಕಿಂತ ಕಿವುಡಿಯಾಗಿರುವುದು ಸುಲಭವಾಗಿತ್ತು. ಆ ದಿನವೆಲ್ಲ ಅವಳು ಕಿವುಡಿಯಾಗಿಯೇ ಕೂತಿದ್ದಳು. ಪಕ್ಕದವಳು ಪಿಸುಗುಟ್ಟಿದ ಜೋಕಿಗೂ ನಗಲಿಲ್ಲ.

ಕಾರು ಬಂದಾಗ ಮಾಮು ಓಡುತ್ತಲೇ ಹೊರಗೆ ಹೋದರು. ಇಳಿದದ್ದು ಒಬ್ಬ ಹುಡುಗಿ. ಶಾಜಿಯಾಳ ವಯಸ್ಸೇ ಇರಬೇಕು. ಜೀನ್ಸು, ಮಣ್ಣಾದ ಷೂ, ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಫೋನು. 'ಪವಿತ್ರ ಅಂತ ಸಾರ್' ಎಂದಳು.

'ಬನ್ನಿ ಬನ್ನಿ ಮೇಡಂ. ನಾನು ಕೆಂಪು ಮುಖ, ಟೈ, ಬೂಟು ಬರುತ್ತೆ ಅಂತ ಕಾಯ್ತಿದ್ದೆ' ಎಂದರು ಮಾಮು.

'ನಾನು ತೊಂಡೇಬಾವಿಯೋಳು ಸಾರ್. ಸ್ಟೇಷನ್ ಮುಂದೆ ಟೀ ಅಂಗಡಿ ಇದ್ಯಲ್ಲ, ಅದು ನಮ್ಮಪ್ಪಂದೇ.'

'ಅರೆ! ಇಂಗ್ಲೆಂಡ್ ಕಂಪನಿ ಅಂದ್ರೆ ಗೌರಿಬಿದನೂರು ತಾಲ್ಲೂಕಿಂದ ಬಂತಲ್ಲೋ ಕೋನಪ್ಪ!'

'ನನ್ಗೆ ಇಂಗ್ಲೀಷ್ ಮಾತಾಡೋ ಕಷ್ಟ ತಪ್ತು ಬಿಡಿ ಸಾಹೇಬ್ರೆ' ಎಂದ ಕೋನಪ್ಪ. ಹೆಗಲ ಟವೆಲ್ಲಿನಿಂದ ಕೈಯ ಎಣ್ಣೆ ಒರೆಸಿಕೊಂಡು ಅವನು ಕೈಮುಗಿದ. ಈ ಇಂಜಿನ್ನನ್ನು ನೋಡಿಕೊಳ್ಳುತ್ತಲೇ ಅವನ ತಲೆ ಬೆಳ್ಳಗಾಗಿತ್ತು.

ಶಾಜಿಯಾ ಟೀ ಟ್ರೇ ಹಿಡಿದು ಬಂದಾಗ ಪವಿತ್ರ ಲೋಟ ತೆಗೆದುಕೊಳ್ಳುತ್ತ 'ನೀವು ಯಾವ ಕಾಲೇಜು?' ಎಂದಳು. ನೀವು ಎಂದಳು. ಶಾಜಿಯಾ ಟ್ರೇಯನ್ನೇ ನೋಡಿದಳು. 'ಅವ್ಳು ಓದ್ಲಿಲ್ಲಮ್ಮ. ಮನೇಲೇ ಇರ್ತಾಳೆ' ಎಂದರು ಮುಮಾನಿ. ಮನೆಯಲ್ಲೇ ಇರುವುದು ಒಂದು ಕಾಯಿಲೆಯ ಹೆಸರಿನ ಹಾಗೆ ಕೇಳಿಸಿತು. ಬೆರಳ ತುದಿಗಳು ಹುಣಸೆಹಣ್ಣಿನಿಂದ ಕಂದಾಗಿದ್ದುದು ಈಗ ಕಾಣಿಸಿ, ಅವಳು ಟ್ರೇಯನ್ನು ಎದೆಗವುಚಿಕೊಂಡು ಗೋಡೆಗೆ ಸರಿದಳು.

ಬೇಸಿನ್ನುಗಳ ಮುಂದೆ ಹೆಂಗಸರು ಕೂತು ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿದ್ದರು. ಕರೆಂಟು ಇತ್ತು; ಆದರೂ ಅತಿಥಿಗಾಗಿ ಇವತ್ತು ಇಂಜಿನ್ನೇ ಓಡಬೇಕೆಂದು ಮಾಮುವಿನ ಅಪ್ಪಣೆ. ಕೋನಪ್ಪ ಹ್ಯಾಂಡಲು ತಿರುಗಿಸಿದ. ಇಂಜಿನ್ನು ಎರಡು ಸಲ ಕೆಮ್ಮಿ, ಯೋಚಿಸಿ, ಒಪ್ಪಿಕೊಂಡಿತು. ಮೇಲಿನ ಬೆಲ್ಟುಗಳು ಒಂದರ ಹಿಂದೊಂದು ಹೊರಳಿ ರಾಟೆಗಳು ಸುತ್ತತೊಡಗಿದವು. ಆ ಸದ್ದಿನಲ್ಲಿ ಪವಿತ್ರ ದನಿ ಎತ್ತರಿಸಿ ಕಂಪನಿಯ ಕಥೆ ಹೇಳಿದಳು. ಶಾಜಿಯಾ ಹೆಸರನ್ನು ಬೆಳಗಿದ್ದಳೇ ಹೊರತು ಅದರ ಹಿಂದೆ ಮನುಷ್ಯರಿದ್ದಾರೆ ಎಂದು ಯೋಚಿಸಿರಲಿಲ್ಲ. ಪೈಕ್ ಒಬ್ಬ ಕಮ್ಮಾರನಂತೆ, ಹೊಳೆ ಬದಿಯಲ್ಲಿ ಕುದುರೆಗೆ ಲಾಳ ಬಡಿಯುತ್ತಿದ್ದವನು. ಥಾರ್ನ್‌ಬಿ ಎಂಬ ಗಿರಣಿಯವನು ಹಲ್ಲು ಮುರಿದ ಚಕ್ರವೊಂದನ್ನು ರಿಪೇರಿಗೆ ತಂದ. ಹಳೆಯ ಹಲ್ಲು ಯಾವುದು, ಹೊಸದು ಯಾವುದು ಎಂದು ಅವನಿಗೇ ಗೊತ್ತಾಗದಂತೆ ಪೈಕ್ ಕೂರಿಸಿಕೊಟ್ಟ. ಹೀಗೆ ಇಬ್ಬರೂ ಪಾಲುದಾರರಾದರು. ಮೊದಲು ಗಿರಣಿಯ ಚಕ್ರ, ಆಮೇಲೆ ಉಗಿಯ ಯಂತ್ರ, ಆಮೇಲೆ ಇಂಥ ಆಯಿಲ್ ಇಂಜಿನ್ನು. ಪೆಟ್ಟಿಗೆಗೆ ತುಂಬುವ ಮುಂಚೆ ಪ್ರತಿ ಇಂಜಿನ್ನನ್ನೂ ಹಗಲೆಲ್ಲ ಓಡಿಸಿ ಅದರ ಮೇಲೆ ತುಂಬಿದ ಟೀ ಕಪ್ಪು ಇಡುತ್ತಿದ್ದರಂತೆ. ಚೆಲ್ಲಿದರೆ ಮತ್ತೆ ಬಿಚ್ಚಬೇಕು.

'ನಮ್ದೂ ನೋಡೇಬಿಡಣ' ಎಂದು ಕೋನಪ್ಪ ತನ್ನ ಟೀ ಲೋಟವನ್ನು ಇಂಜಿನ್ನಿನ ನೆತ್ತಿಯ ಮೇಲಿಟ್ಟ. ಟೀ ಅಂಚಿನವರೆಗೂ ಬಂದು ನಡುಗಿತು, ನಿಂತಿತು, ಆಮೇಲೆ ಒಂದೇ ಒಂದು ಹನಿ ಇಳಿಯಿತು. ಬೇಸಿನ್ನಿನ ಹೆಂಗಸರು ಹೋ ಎಂದರು. 'ವಯಸ್ಸಾಯ್ತಲ್ಲಮ್ಮಾ' ಎಂದ ಕೋನಪ್ಪ, ಲೋಟ ಎತ್ತಿಕೊಂಡು, ಇಂಜಿನ್ನಿನ ಪರವಾಗಿ ಸಂಕೋಚಪಡುತ್ತ. 'ನಾನಾದ್ರೆ ಅರ್ಧ ಲೋಟ ಚೆಲ್ತೀನಿ.'

ಪವಿತ್ರ ಕಥೆ ಮುಂದುವರಿಸಿದಳು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕಾರ್ಖಾನೆಯ ಛಾವಣಿ ಹಾರಿಹೋಯಿತಂತೆ. ಗಂಡಸರು ದಂಡಿಗೆ ಹೋಗಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಟಾರ್ಪಾಲಿನ ಕೆಳಗೆ ನಿಂತು ಕೆಲಸ ಮಾಡಿದರಂತೆ. ಶಾಜಿಯಾಳ ಕೈ ತಾನಾಗಿ ತಲೆಯ ದುಪಟ್ಟಾಕ್ಕೆ ಹೋಯಿತು. ಅವರ ಬೆರಳೂ ಕಂದಾಗಿದ್ದವೇ? ಅವರಿಗೂ ಕಾಲೇಜು ಯಾವುದೆಂದು ಯಾರಾದರೂ ಕೇಳಿದ್ದರೇ? ಯುದ್ಧ ಮುಗಿಯಿತು, ಕಂಪನಿ ಕೈ ಬದಲಾಯಿಸಿತು, ಇನ್ನೊಂದರ ಜೊತೆ ಸೇರಿತು, ಹೆಸರು ಬದಲಾಯಿತು, ಮತ್ತೆ ಬದಲಾಯಿತು. 'ಈಗ ನನ್ನ ವಿಸಿಟಿಂಗ್ ಕಾರ್ಡಲ್ಲಿ ಪೈಕ್ ಹೆಸರೇ ಇಲ್ಲ ಸಾರ್' ಎಂದಳು ಪವಿತ್ರ. 'ಆದ್ರೆ ಒಂದು ರೂಲು ಮಾತ್ರ ಯಾರೂ ತೆಗೆದಿಲ್ಲ. ನಮ್ಮ ಇಂಜಿನ್ ಬಗ್ಗೆ ಯಾರೇ, ಯಾವ ಮೂಲೆಯಿಂದ್ಲೇ ಕೇಳ್ಲಿ, ಉತ್ತರ ಕೊಡ್ಲೇಬೇಕು. ನೀವು ಕೇಳಿದ್ರಿ, ನಾನು ಬಂದೆ.' ಮಾಮು ಎಲ್ಲರ ಕಡೆ ನೋಡಿದರು, ನೋಡಿದ್ರಾ ಎನ್ನುವ ಹಾಗೆ. ಕೇಳಿದವರಿಗೆಲ್ಲ ಉತ್ತರ ಕೊಡುವ ಜನ. ಶಾಜಿಯಾ ಕೇಳಿದವರಿಗೂ ಕೊಡದವಳು.

'ಸರಿ, ನಂಬರ್ ನೋಡಣ' ಎಂದು ಪವಿತ್ರ ಫಲಕದ ಮುಂದೆ ಕುಕ್ಕರಗಾಲಲ್ಲಿ ಕೂತಳು. 'ಅಬ್ಬಾ, ಎಷ್ಟು ಚೆನ್ನಾಗಿ ಇಟ್ಟಿದ್ದೀರ!' ಎಂದಳು. ಆಮೇಲೆ ಇನ್ನಷ್ಟು ಬಾಗಿದಳು. ಫೋನಿನ ಬೆಳಕನ್ನು ಆ ಕಡೆಯಿಂದ, ಈ ಕಡೆಯಿಂದ ಬಿಟ್ಟಳು. ಮಾಮು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು, ಎದೆಯ ಹೊಲಿಗೆಯನ್ನು ಒಂದು ಕೈಯಿಂದ ಹಿಡಿದುಕೊಂಡು ಬಾಗಿದರು. ಅವರ ಬೆರಳು ಚೌಕದ ಮೇಲೆ ಓಡಾಡಿತು. ಶಾಜಿಯಾ ಆ ಬೆರಳನ್ನೇ ನೋಡುತ್ತಿದ್ದಳು. ಅದಕ್ಕೆ ಏನು ಸಿಗುತ್ತಿಲ್ಲ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. 'ಇತ್ತು' ಎಂದರು ಮಾಮು. 'ಇಲ್ಲೇ ಇತ್ತು ಮೇಡಂ. ಸುಳ್ಳು ಹೇಳ್ತಿಲ್ಲ.' ಸುಳ್ಳು ಎಂದು ಯಾರೂ ಅಂದಿರಲಿಲ್ಲ. ಬೇಸಿನ್ನಿನ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮಾಮುವಿನ ಕಿವಿಗಳು ಕೆಂಪಾದವು. ಅವರು ನೆಟ್ಟಗಾಗಿ ಸುತ್ತ ನೋಡಿದರು. ಆ ನೋಟ ಕೋನಪ್ಪನ ಮೇಲೆ ನಿಂತಿತು.

'ಇವ್ನೇ. ಆಯುಧಪೂಜೆ ಅಂತ ವರ್ಷಾ ವರ್ಷಾ ನಿಂಬೆಹಣ್ಣು ಹಿಂಡ್ತಾನೆ, ಕುಂಕುಮ ಮೆತ್ತುತಾನೆ. ಬೇಡ ಅನ್ಲಿಲ್ಲ ನಾನು, ಪುರಿ ಬೆಲ್ಲ ನಾನೇ ಹಂಚ್ತೀನಿ. ನಿನ್ನ ನಿಂಬೆಹಣ್ಣು ನಮ್ಮಪ್ಪನ ನಂಬರ್ ತಿಂದುಬಿಡ್ತಲ್ಲೋ ಕೋನಪ್ಪ!'

ಕೋನಪ್ಪ ಬಾಯಿ ತೆರೆದ. ಅವನ ಕಣ್ಣು ಗೋಡೆಯ ಕಡೆ ಹೊರಳಿ, ಶಾಜಿಯಾ ಎದೆಗವುಚಿಕೊಂಡ ಟ್ರೇಯ ಅಂಚಿನಲ್ಲಿ, ಕಂದು ಬೆರಳುಗಳ ಮೇಲೆ, ಒಂದು ಕ್ಷಣ ನಿಂತಿತು. ಪ್ರತಿ ಶುಕ್ರವಾರ ಅವನು ಒಲೆ ಹಚ್ಚುವಾಗ ಅವಳು ಇಲ್ಲಿ ತಿಕ್ಕುತ್ತಿದ್ದಳು. ಅವನು ಹಾಕಿದ ಕುಂಕುಮವನ್ನು ಒರೆಸುತ್ತಿದ್ದವಳೂ ಅವಳೇ. ಅವನು ಬಾಯಿ ಮುಚ್ಚಿದ. ಆಮೇಲೆ ನಕ್ಕ. 'ಏನ್ ಮಾಡೋದು ಸಾಹೇಬ್ರೆ. ದೇವ್ರಿಗೆ ಹಸಿವು ಜಾಸ್ತಿ.'

ಈಗ ಹೇಳಬೇಕು ಎಂದುಕೊಂಡಳು ಶಾಜಿಯಾ. ಇಂಜಿನ್ನಿನ ಸದ್ದು ಜೋರಾಗಿದೆ, ಹೇಳಿದರೂ ಕೇಳಿಸುವುದಿಲ್ಲ ಎಂದುಕೊಂಡಳು. ಹಾಗೆಂದುಕೊಂಡಾಗ ಬಂದ ಸಮಾಧಾನಕ್ಕೆ ಅವಳಿಗೇ ಹೇಸಿಗೆಯಾಯಿತು.

'ಸಾರ್, ಬೈಬೇಡಿ ಅವ್ರನ್ನ' ಎಂದಳು ಪವಿತ್ರ. 'ಇನ್ನೊಂದು ಕಡೆ ಇರ್ಬೇಕು. ಪೈಕ್ ನಂಬರನ್ನ ಎರಡು ಸಲ ಹೊಡೆಸ್ತಿದ್ದ. ಒಂದು ಹೊಳೆಯೋ ಜಾಗದಲ್ಲಿ, ಒಂದು ಯಾರಿಗೂ ಕಾಣದ ಜಾಗದಲ್ಲಿ. ಯಾಕೆ ಅಂತ ಕಂಪನಿಯಲ್ಲಿ ಒಂದು ಕಥೆ ಹೇಳ್ತಾರೆ. ನಿಜಾನೋ ಏನೋ. ಅವನ ತಾಯಿ ಒಬ್ಬ ಡಾಕ್ಟರ ಮನೇಲಿ ಕೆಲ್ಸಕ್ಕಿದ್ಲಂತೆ. ಬಾಗಿಲಲ್ಲಿ ಡಾಕ್ಟರ ಹೆಸರಿನ ಹಿತ್ತಾಳೆ ಬೋರ್ಡು. ದಿನಾ ತಿಕ್ಕಿ ತಿಕ್ಕಿ ಹೆಸರೇ ಹೊರಟೋಯ್ತು. ಅದಕ್ಕೆ ಅವಳನ್ನ ಕೆಲ್ಸದಿಂದ ತೆಗೆದ್ರು. ಮಗ ಇಂಜಿನ್ ಮಾಡೋಕೆ ಶುರು ಮಾಡಿದಾಗ ಹೇಳಿದ್ನಂತೆ, ಚೆನ್ನಾಗಿ ನೋಡ್ಕೊಳ್ಳೋ ಮನೇಲೇ ಮೊದಲು ನಂಬರ್ ಅಳಿಸೋದು, ಅದಕ್ಕೆ ಇನ್ನೊಂದು ಹೊಡೀರಿ ಅಂತ.'

'ಆಯಮ್ಮನ ಹೆಸರೇನಂತೆ?' ಎಂದ ಕೋನಪ್ಪ.

'ಅದು ಎಲ್ಲೂ ಇಲ್ಲ.'

ಶಾಜಿಯಾ ಗೋಡೆಗೆ ಒರಗಿದಳು. ಸಮುದ್ರದಾಚೆ, ಅವಳ ಅಜ್ಜನ ಅಜ್ಜ ಹುಟ್ಟುವ ಮುಂಚೆಯೋ ಏನೋ, ಒಬ್ಬ ಕಮ್ಮಾರ ಅವಳ ಈ ಬೆರಳುಗಳನ್ನು ಮೊದಲೇ ನೋಡಿಬಿಟ್ಟಿದ್ದ. ನೋಡಿ ಬೈದಿರಲಿಲ್ಲ. ಜಾಗ ಬಿಟ್ಟಿದ್ದ. ಅವಳಿಗೆ ಯಾರಾದರೂ ಹೀಗೆ ಜಾಗ ಬಿಟ್ಟದ್ದು ನೆನಪಿಗೆ ಬರಲಿಲ್ಲ. ಉಬ್ಬಿದ ಆ ಹೆಸರು ಮೊದಲ ದಿನ ಎದ್ದು ಬಂದಾಗ ಆದಂತೆಯೇ ಈಗಲೂ ಮೈ ಜುಮ್ಮೆಂದಿತು.

ಪವಿತ್ರ ಕೇಳಿದ್ದಕ್ಕೆ ಕೋನಪ್ಪ ಇಂಜಿನ್ನು ನಿಲ್ಲಿಸಿದ. ದೊಡ್ಡ ಚಕ್ರ ಸುತ್ತಿ ಸುತ್ತಿ ಸುಸ್ತಾಗಿ ನಿಂತಿತು. ರಾಟೆಗಳು ನಿಂತವು. ಚಕ್ರದ ಒಳಮೈಯಲ್ಲಿ, ಅಚ್ಚು ತೂರುವ ನಡುವಿನ ಗುಂಬದ ಹಿಂಭಾಗದಲ್ಲಿ ಇರುತ್ತದೆ, ಕನ್ನಡಿ ಹಿಡಿದರೆ ಮಾತ್ರ ಕಾಣುತ್ತದೆ ಎಂದಳು ಪವಿತ್ರ. ಚಕ್ರವನ್ನು ಬಿಚ್ಚಿದವರು ಯಾರೂ ಇರಲಿಲ್ಲ. ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ. ಶಾಜಿಯಾ ಟ್ರೇಯನ್ನು ಕಂಕುಳಲ್ಲಿಟ್ಟುಕೊಂಡೇ ಓಡಿಹೋಗಿ ಮುಮಾನಿಯ ಕೋಣೆಯಿಂದ ಕೈಗನ್ನಡಿ ತಂದು ಪವಿತ್ರಳಿಗೆ ಕೊಟ್ಟಳು. ಕೋನಪ್ಪ ನೆಲಕ್ಕೆ ಮಲಗಿ, ಸೀಮೆಎಣ್ಣೆ ಬಟ್ಟೆ ಹಿಡಿದ ತೋಳನ್ನು ಚಕ್ರದ ಹಿಂದೆ ಭುಜದವರೆಗೂ ತೂರಿಸಿ, ಗಟ್ಟಿಕಟ್ಟಿದ ಗ್ರೀಸನ್ನು ಕೆರೆದು ಕೆರೆದು ತೆಗೆದ. ತನ್ನ ತಪ್ಪಲ್ಲದ್ದನ್ನು ಅವನು ಅಷ್ಟು ಶ್ರದ್ಧೆಯಿಂದ ತೊಳೆಯುತ್ತಿದ್ದುದನ್ನು ನೋಡಲಾಗದೆ ಅವಳು ಕನ್ನಡಿಯನ್ನು ನೋಡಿದಳು. ಕಪ್ಪು. ಆಮೇಲೆ ಬೂದು. ಆಮೇಲೆ, ತಿರುಗುಮುರುಗಾಗಿ, ಅಂಕಿಗಳು. ಕೊನೆಯದಕ್ಕೆ ಒಂದು ಕೊಕ್ಕೆ.

'ಸಿಕ್ತು!' ಎಂದು ಪವಿತ್ರ ಕೂಗಿದಳು. ಮಾಮು ಗೋಡೆ ಹಿಡಿದು ಕೂತುಬಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಮಾನಿ ಸಿಹಿ ತರಲು ಒಳಗೆ ಹೋಗಿ ಬಾಗಿಲಲ್ಲೇ ತಿರುಗಿ ಬಂದರು, ಏನೂ ತಪ್ಪಿಸಿಕೊಳ್ಳಬಾರದೆಂದು. ಪವಿತ್ರ ಎಲ್ಲರನ್ನೂ ಫೋಟೋಗೆ ನಿಲ್ಲಿಸಿದಳು. ಮಾಮು ಚಕ್ರದ ಮೇಲೆ ಕೈಯಿಟ್ಟು ನಿಂತರು. ಭುಜದವರೆಗೆ ಕಪ್ಪಾಗಿದ್ದ ಕೋನಪ್ಪ ಟವೆಲ್ಲು ಸರಿಮಾಡಿಕೊಂಡು ಪಕ್ಕಕ್ಕೆ ಬಂದು ನಿಂತ.

'ನಂಬರ್ ತಿಂದೋನು ಫೋಟೋದಲ್ಲಿ ಯಾಕೋ' ಎಂದರು ಮಾಮು, ನಗುತ್ತಲೇ. 'ಆ ಕಡೆ ಹೋಗು.'

ಕೋನಪ್ಪನೂ ನಕ್ಕ. ನಗುತ್ತಲೇ ಹೋಗಿ ಸೌದೆಯ ರಾಶಿಯ ಹತ್ತಿರ ನಿಂತ. ಅಲ್ಲಿ ನಿಂತಮೇಲೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಟವೆಲ್ಲಿಗೆ ಒರೆಸತೊಡಗಿದ. ಕ್ಯಾಮೆರಾ ಕ್ಲಿಕ್ಕೆಂದಿತು. ಪವಿತ್ರ ಫೋನು ತೆಗೆದು, ಬರೆದುಕೊಳ್ಳುತ್ತಲೇ ಗಟ್ಟಿಯಾಗಿ ಹೇಳಿದಳು, 'ನಂಬರ್ ಚಕ್ರದ ಒಳಗಿಂದ ಸಿಕ್ಕಿದೆ. ಫಲಕದ ಮೇಲಿದ್ದದ್ದು... ಇಂಜಿನ್ ನೋಡ್ಕೊಳ್ಳೋ ಕೋನಪ್ಪನವರ ಪೂಜೆಯ ನಿಂಬೆಹಣ್ಣಿಂದ ಸವೆದಿದೆ. ಅಲ್ವಾ ಸಾರ್? ಪುಸ್ತಕಕ್ಕೆ ಚೆನ್ನಾಗಿರುತ್ತೆ ಇದು.'

ಅಚ್ಚಾಗುತ್ತದೆ. ಹೋಗಿ ಬರುವ ಮಾತಲ್ಲ, ಎರಕದ ಅಕ್ಷರದ ಹಾಗೆ ನಿಲ್ಲುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸಮುದ್ರದಾಚೆ ಯಾರೋ ಓದುತ್ತಾರೆ, ಕೋನಪ್ಪ ಎಂಬುವನು ಅಳಿಸಿದ ಎಂದು. ಇಂಜಿನ್ನು ನಿಂತಿತ್ತು. ಕೇಳಿಸುವುದಿಲ್ಲ ಎನ್ನಲು ಈಗ ಯಾವ ಸದ್ದೂ ಇರಲಿಲ್ಲ. ಶಾಜಿಯಾ ಟ್ರೇಯನ್ನು ನೆಲದ ಮೇಲಿಟ್ಟಳು. ಇಟ್ಟ ಸದ್ದಿಗೆ ಎಲ್ಲರೂ ತಿರುಗಿದರು.

'ನಿಂಬೆಹಣ್ಣಲ್ಲ ಮೇಡಂ' ಎಂದಳು. ದನಿ ತನ್ನದಲ್ಲವೇನೋ ಎನ್ನುವಷ್ಟು ಗಟ್ಟಿಯಾಗಿತ್ತು. 'ತಿಕ್ಕಿದ್ದು ನಾನು. ಪ್ರತಿ ಶುಕ್ರವಾರ.'

ಮಾಮುವಿನ ಕೈ ಚಕ್ರದ ಮೇಲೆಯೇ ಇತ್ತು. ಕೋನಪ್ಪ ನೆಲ ನೋಡಿದ. ಪವಿತ್ರಳ ಬೆರಳು ಫೋನಿನ ಗಾಜಿನ ಮೇಲೆ, ಮುಟ್ಟಿಯೂ ಮುಟ್ಟದಂತೆ, ನಿಂತಿತ್ತು. ಬೇಸಿನ್ನುಗಳಲ್ಲಿ ಗೂಡುಗಳು ನೀರಿನ ಮೇಲೆ ಮೆಲ್ಲಗೆ ಹೊರಳುತ್ತಿದ್ದವು.

'ನನ್ನ ಹೆಸರು ಶಾಜಿಯಾ' ಎಂದಳು. 'ಹಾಗಂತ ಬರ್ಕೊಳ್ಳಿ ಮೇಡಂ.'